ತಿಕೋಟಾದ ಪ್ರಶ್ನೆ, ಕಿಯಾಂತಿಯ ಉತ್ತರ

ಗ್ರೇವೆ, ಕಿಯಾಂತಿ ಸೀಮೆ, ಇಟಲಿ
ಸೆಪ್ಟೆಂಬರ್ ಕೊನೆಯ ವಾರ

ತೀರ್ಥರೂಪ ಸಮಾನರಾದ ಮಾಮಾರಿಗೆ,

ನಾವಿಬ್ಬರೂ ಇಲ್ಲಿ ಕ್ಷೇಮ. ಅತ್ತಿಯ ಮೊಣಕಾಲು ನೋವು ಹೇಗಿದೆ? ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದಾಳೋ, ಇಲ್ಲ ಬಾಟಲಿ ಹಾಗೇ ಗೂಡಿನಲ್ಲಿ ಕೂತಿದೆಯೋ?

ನಾವು ಹೊರಡುವ ಮುಂಚೆ ತಿಕೋಟಾದಿಂದ ಫೋನಿನಲ್ಲಿ ನೀವು ಒಪ್ಪಿಸಿದ ಕೆಲಸವನ್ನು ನಿಮ್ಮ ಸೊಸಿ ಮರೆತಿಲ್ಲ. "ಊರೇನ್ ನೋಡ್ತಿ ಬಿಡವಾ, ಊರು ಎಲ್ಲಾ ಕಡೆ ಇರ್ತಾವ. ದ್ರಾಕ್ಷಿ ಹೆಂಗ ಹಚ್ಯಾರ ನೋಡು. ಎಕರೇಕ ಎಷ್ಟ್ ತಗೀತಾರ, ನೀರು ಎಲ್ಲಿಂದ ತರ್ತಾರ, ಯಾವ ಬೇರಿನ ಮ್ಯಾಲ ಕಸಿ ಕಟ್ಯಾರ, ಕೇಳ್ಕೊಂಡು ಬಾ" ಅಂದಿದ್ದಿರಿ. ಆಮೇಲೆ ಸ್ವಲ್ಪ ತಡೆದು, ದನಿ ಇಳಿಸಿ ಇನ್ನೊಂದು ಸೇರಿಸಿದಿರಿ: "ನೋಡಾಕ ಬರೋ ಮಂದಿಯಿಂದ ಆ ರೈತರಿಗೆ ಏನ್ ಸಿಗತದ, ಅದನ್ನೂ ಕೇಳು."

ಕೊನೆಯ ಪ್ರಶ್ನೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ತೋಟದ ಮೂಲೆಯಲ್ಲಿ ನಾಲ್ಕು ಕೋಣೆ ಕಟ್ಟಿ, ಬೆಂಗಳೂರು, ಪುಣೆಯ ಮಂದಿಯನ್ನು ಕರೆಸಿ ಉಳಿಸಬೇಕು ಅಂತ ನಿಮ್ಮ ಮಗರಾಯ ಹಟ ಹಿಡಿದಿದ್ದಾನೆ. "ಹೊಲಾ ಅಂದ್ರ ಜಾತ್ರಿ ಅಲ್ಲ" ಅಂತ ನೀವು ಅವನ ಜೊತೆ ಮಾತು ಬಿಟ್ಟಿದ್ದೀರಿ. ಫೋನಿನಲ್ಲೇ ಎಲ್ಲ ಹೇಳಬಹುದಿತ್ತು. ಆದರೆ ಫೋನ್ ಬಂದರೆ ನೀವು ಸ್ಪೀಕರ್ ಹಾಕುತ್ತೀರಿ, ಅವನು ನಡುವೆ ಬಾಯಿ ಹಾಕುತ್ತಾನೆ, ನೀವು ರೇಗುತ್ತೀರಿ, ಅತ್ತಿ ಫೋನ್ ಕಸಿದುಕೊಂಡು "ಊಟ ಆತೇನವಾ" ಅನ್ನುತ್ತಾಳೆ, ಅಲ್ಲಿಗೆ ಮುಗಿಯಿತು. ಅದಕ್ಕೇ ಪತ್ರ. ಪತ್ರದ ನಡುವೆ ಯಾರೂ ಬಾಯಿ ಹಾಕಲು ಬರುವುದಿಲ್ಲ.

ಮೊದಲು ಗಾಡಿಯ ಸಂಗತಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೇ ಸಮಾಧಾನವಿಲ್ಲ. ಈ ಸೀಮೆಯನ್ನು ನಾವು ನೋಡಿದ್ದು ಕಾರಿನಲ್ಲಲ್ಲ, ಬಸ್ಸಿನಲ್ಲೂ ಅಲ್ಲ, ವೆಸ್ಪಾ ಸ್ಕೂಟರಿನ ಮೇಲೆ. ಫ್ಲಾರೆನ್ಸ್‌ನಿಂದ ವ್ಯಾನಿನಲ್ಲಿ ಹಳೇ ಕೋಟೆಮನೆಯೊಂದರ ಅಂಗಳಕ್ಕೆ ಕರೆತಂದು, ಸಾಲಾಗಿ ನಿಲ್ಲಿಸಿದ್ದ ಗಾಡಿಗಳ ಕೀಲಿ ಕೊಟ್ಟರು. ಸುಮ್ಮನೆ ಕೊಡಲಿಲ್ಲ. ನಮ್ಮ ಲೈಸೆನ್ಸು, ಜೊತೆಗೆ ಆರ್‌ಟಿಓ ಕಚೇರಿಯಲ್ಲಿ ಮಾಡಿಸಿದ್ದ ಅಂತರರಾಷ್ಟ್ರೀಯ ಪರವಾನಗಿ, ಎರಡನ್ನೂ ನೋಡಿದರು. ಅಂಗಳದಲ್ಲಿ ಸುತ್ತು ಹೊಡೆಸಿದರು, ತಿರುಗಿಸು, ನಿಲ್ಲಿಸು ಅಂದರು. ತಡವರಿಸಿದವರಿಗೆ ಮುಲಾಜಿಲ್ಲದೆ ಹಿಂದಿನ ಸೀಟು. ನಿಮ್ಮ ಅಳಿಯಂದಿರು ಹಿಂದಿನ ಸೀಟಿಗೆ ಹೋದರು, ನಾನು ಪಾಸು. ನಿಮ್ಮ ಚೇತಕ್ ಮೇಲೆ ಕಲಿತವಳಿಗೆ ಇದೇನು ದೊಡ್ಡದು? ಒಂದು ಕಡೆ ವಾಲಿಸಿ ನಿಲ್ಲಿಸಿ ಕಿಕ್ ಹೊಡೆಯುವ ಕಷ್ಟವಿಲ್ಲ, ಎಡ ಮುಂಗೈ ತಿರುಚಿ ಗೇರ್ ಹಾಕುವ ಗೋಜಿಲ್ಲ. 125 ಸಿಸಿಯ ಗೇರಿಲ್ಲದ ಗಾಡಿ, ಗುಂಡಿ ಒತ್ತಿದರೆ ಹೊರಟೇಬಿಟ್ಟಿತು.

ನಿಮ್ಮ ಚೇತಕ್ಕಿನ ತವರೂ ಇದೇ ತಸ್ಕನಿ ಪ್ರಾಂತ್ಯ ಎಂಬುದು ನಿಮಗೆ ಗೊತ್ತಿತ್ತೇ? ಫ್ಲಾರೆನ್ಸ್‌ನಿಂದ ಪೀಸಾಕ್ಕೆ ಹೋಗುವ ದಾರಿಯಲ್ಲಿ ಪೊಂತೆದೇರಾ ಎಂಬ ಊರಿದೆ. ಅಲ್ಲಿ ಪಿಯಾಜಿಯೊ ಕಂಪನಿ ವಿಮಾನ ಮಾಡುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಕಾರ್ಖಾನೆಯ ಮೇಲೆ ಬಾಂಬು ಬಿದ್ದಿತು. ಯುದ್ಧ ಮುಗಿದ ಮೇಲೆ ವಿಮಾನಕ್ಕೆ ಗಿರಾಕಿಯೂ ಇಲ್ಲ. ಕೆಲಸಗಾರರ ಕೈಗೆ ಏನಾದರೂ ಕೆಲಸ ಬೇಕಿತ್ತು, ಜನಕ್ಕೆ ಅಗ್ಗದ ಗಾಡಿ ಬೇಕಿತ್ತು. ಕೊರ್ರಾದೀನೊ ದಾಸ್ಕಾನಿಯೊ ಎಂಬ ವಿಮಾನದ ಇಂಜಿನಿಯರ್‌ಗೆ ಈ ಕೆಲಸ ವಹಿಸಿದರು. ಆತನಿಗೆ ಮೋಟಾರ್ ಸೈಕಲ್ ಕಂಡರೆ ಆಗುತ್ತಿರಲಿಲ್ಲವಂತೆ: ಎಣ್ಣೆ ಬಟ್ಟೆಗೆ ಹತ್ತುತ್ತದೆ, ಗಾಲಿ ಬಿಚ್ಚುವುದು ಕಷ್ಟ, ಕಾಲೆತ್ತಿ ಹತ್ತಬೇಕು. ಹಾಗಾಗಿ ಇಂಜಿನ್ ಮುಚ್ಚಿದ, ಕಾಲಿಡಲು ನೆಲ ಮಾಡಿದ, ಮುಂದಿನ ಗಾಲಿಯನ್ನು ವಿಮಾನದ ಗಾಲಿಯಂತೆ ಒಂದೇ ಪಕ್ಕದಿಂದ ಹಿಡಿದು ನಿಲ್ಲಿಸಿದ. ಅದಕ್ಕೆ ಪೇಟೆಂಟ್ ಕೇಳಿದ್ದು 1946ರ ಏಪ್ರಿಲ್‌ನಲ್ಲಿ. ಮುಂದೆ ಪುಣೆಯ ಬಜಾಜ್ ಇವರ ಲೈಸೆನ್ಸ್ ಪಡೆದು 1971ರವರೆಗೆ ವೆಸ್ಪಾ ಮಾಡಿತು. ಕರಾರು ಮುಗಿದ ಮೇಲೆ 1972ರಲ್ಲಿ ಅದೇ ಮೈಕಟ್ಟಿಗೆ ಚೇತಕ್ ಎಂದು ಹೆಸರಿಟ್ಟಿತು. ಬಬಲೇಶ್ವರ ರಸ್ತೆಯಲ್ಲಿ ಪಂಕ್ಚರ್ ಆದಾಗ ನೀವು ಬೀಡಿ ಹಚ್ಚುವಷ್ಟರಲ್ಲಿ ಸ್ಟೆಪ್ನಿ ಹಾಕಿ ಎದ್ದು ನಿಲ್ಲುತ್ತಿದ್ದಿರಲ್ಲ, ಅದು ಆ ಇಂಜಿನಿಯರ್ ಮಾಡಿದ ಉಪಕಾರ.

ದಾರಿಯಲ್ಲಿ ಒಬ್ಬ ಗೈಡ್ ಮುಂದೆ, ಇನ್ನೊಬ್ಬ ಎಲ್ಲರ ಹಿಂದೆ. ನಡುವೆ ನಾವು, ಒಬ್ಬರ ಬೆನ್ನಿಗೆ ಒಬ್ಬರು. ಇಲ್ಲಿ ಬಲಗಡೆ ಓಡಿಸಬೇಕು. ನೇರ ದಾರಿಯಲ್ಲಿ ಏನೂ ಅನ್ನಿಸುವುದಿಲ್ಲ. ವೃತ್ತ ಬಂದಾಗ ಮಾತ್ರ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ಗೈಡ್ ಅಲ್ಲಿ ಗಾಡಿ ನಿಧಾನ ಮಾಡಿ, ಕೈ ಎತ್ತಿ ಬಲಕ್ಕೆ ತೋರಿಸಿ ಎಲ್ಲರನ್ನೂ ದಾಟಿಸುತ್ತಿದ್ದ. ಫ್ಲಾರೆನ್ಸ್ ಮತ್ತು ಸಿಯೆನಾ ಎಂಬ ಎರಡು ಹಳೇ ಪಟ್ಟಣಗಳ ನಡುವೆ ಗುಡ್ಡದ ಮೈಮೇಲೆ ಹಾಯುವ ಈ ರಸ್ತೆಗೆ ಕಿಯಾಂತಿಜಾನಾ ಅನ್ನುತ್ತಾರೆ. ಉದ್ದಕ್ಕೂ ತಿರುವು. ಕಾರಿನಲ್ಲಿ ಕೂತವರಿಗೆ ಸಿಗದ ಒಂದು ಸಂಗತಿ ಸ್ಕೂಟರಿನವರಿಗೆ ಸಿಗುತ್ತದೆ, ಅದು ವಾಸನೆ. ಓಕ್ ಕಾಡಿನ ನೆರಳು ಬಂದರೆ ತಂಪು, ಒದ್ದೆ ಎಲೆಯ ವಾಸನೆ. ಬಿಸಿಲಿಗೆ ಬಂದರೆ ಸುಣ್ಣದ ಧೂಳು. ಕೊಯ್ಲು ಶುರುವಾದ ತೋಟದ ಮಗ್ಗುಲಿಗೆ ಬಂದರೆ ಹುದುಗುತ್ತಿರುವ ರಸದ ಹುಳಿಘಾಟು. ಕಣ್ಣು ಮುಚ್ಚಿದ್ದರೂ ಯಾವ ತೋಟದಲ್ಲಿ ಕೆಲಸ ನಡೆದಿದೆ ಅಂತ ಹೇಳಬಹುದಿತ್ತು.

ಫೋಟೊದಲ್ಲಿ ನೋಡಿದರೆ ಇಡೀ ಸೀಮೆಯೇ ದ್ರಾಕ್ಷಿ ಅನ್ನಿಸುತ್ತದೆ. ನಿಜವಾಗಿ ಮೂರರಲ್ಲಿ ಎರಡು ಪಾಲು ಕಾಡು. ಸುಮಾರು 70,000 ಹೆಕ್ಟೇರ್ ಸೀಮೆಯಲ್ಲಿ ದ್ರಾಕ್ಷಿ ಇರುವುದು ಹತ್ತರಲ್ಲಿ ಒಂದು ಪಾಲಿನಷ್ಟು. ಕಾಡು ಇದ್ದಲ್ಲಿ ಹಂದಿ ಇರಲೇಬೇಕಲ್ಲ. ಹಣ್ಣು ಸಿಹಿಯಾಗುವ ಹೊತ್ತಿಗೆ ಕಾಡುಹಂದಿ, ಜಿಂಕೆ ಇಳಿದು ಬರುತ್ತವೆ. ತೋಟದ ಸುತ್ತ ಕರೆಂಟಿನ ತಂತಿ. ಅದನ್ನು ಕಂಡು ನನಗೆ ಒಂಥರಾ ಸಮಾಧಾನವಾಯಿತು, ರೈತನ ಕಾಟ ಎಲ್ಲಾ ಕಡೆ ಒಂದೇ ಅಂತ.

ಈಗ ನಿಮ್ಮ ಪ್ರಶ್ನೆಗಳು. ಒಂದು ತೋಟದಲ್ಲಿ ಗಾಡಿ ನಿಲ್ಲಿಸಿ ಸಾಲಿನ ನಡುವೆ ನಡೆಸಿದರು. ಉಳಿದವರು ಫೋಟೊ ತೆಗೆಯುವಾಗ ನಾನು ಬಗ್ಗಿ ಬುಡ ನೋಡುತ್ತಿದ್ದೆ. ತೋಟದವರು ಇದನ್ನು ಗಮನಿಸಿ ಹತ್ತಿರ ಬಂದರು. ನಮ್ಮ ಮಾಮಾರದೂ ದ್ರಾಕ್ಷಿ ತೋಟ ಅಂದದ್ದೇ ತಡ, ಅವರ ಮುಖವೇ ಬೇರೆಯಾಯಿತು. ಅಲ್ಲಿಂದ ಮುಂದೆ ಅವರು ಮಾತಾಡಿದ್ದು ನನ್ನ ಜೊತೆಯಲ್ಲ, ನಿಮ್ಮ ಜೊತೆ.

ಬೇರು ಅಮೆರಿಕದ್ದು, ಮಾಮಾ. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದಿಂದ ಬಂದ ಫಿಲೊಕ್ಸೆರಾ ಎಂಬ ಬೇರು ತಿನ್ನುವ ಹೇನು ಯುರೋಪಿನ ದ್ರಾಕ್ಷಿಯನ್ನೆಲ್ಲ ಒಣಗಿಸುತ್ತಾ ಬಂತು. ಇಟಲಿಯಲ್ಲಿ ಅದು ಮೊದಲು ಕಂಡದ್ದು 1879ರಲ್ಲಿ. ಯಾವ ಔಷಧಕ್ಕೂ ಬಗ್ಗಲಿಲ್ಲ. ಕೊನೆಗೆ, ಆ ಹೇನನ್ನು ತಡೆದುಕೊಳ್ಳಬಲ್ಲ ಅಮೆರಿಕದ ಕಾಡುದ್ರಾಕ್ಷಿಯ ಬೇರಿನ ಮೇಲೆ ಇಲ್ಲಿಯ ತಳಿಯನ್ನು ಕಸಿ ಕಟ್ಟಿ ಉಳಿಸಿಕೊಂಡರು. ನಮ್ಮ ಡಾಗ್‌ರಿಡ್ಜ್ ಬೇರು ಕೂಡ ಮೂಲದಲ್ಲಿ ಅಮೆರಿಕದ ಟೆಕ್ಸಾಸಿನದು. ನೀವು ಅದನ್ನು ಹಚ್ಚಿದ್ದು ಸವುಳು ನೀರು, ಬರ ತಡೆಯಲಿ ಅಂತ. ಇವರು ಹಚ್ಚಿದ್ದು ಹೇನು ತಡೆಯಲಿ ಅಂತ. ಮೇಲಿನ ತಳಿ ಸಾಂಜೊವೇಸೆ: ಕಪ್ಪು ಹಣ್ಣು, ಒಳಗೆ ಬೀಜ, ಸಿಹಿಯ ಬೆನ್ನಿಗೇ ಹುಳಿ. ನಿಮ್ಮ ಥಾಮ್ಸನ್ನಿನ ಮುಂದೆ ಗಾತ್ರದಲ್ಲಿ ಏನೂ ಅಲ್ಲ; ಜಿಎ ಹಾರ್ಮೋನು ಹೊಡೆದು ಕಾಯಿ ಉಬ್ಬಿಸುವ ಮಾತೇ ಇಲ್ಲ.

ಎಕರೆಗೆ ಎಷ್ಟು ಅಂದಿರಿ. ಕುಳಿತುಕೊಂಡು ಓದಿ: ಮೂರು ಟನ್. ಬರದ ವರ್ಷದ್ದಲ್ಲ, ಒಳ್ಳೆಯ ವರ್ಷದ್ದು. ಕಿಯಾಂತಿ ಕ್ಲಾಸಿಕೊ ಎಂಬ ಹೆಸರು ಬೇಕಾದರೆ ಹೆಕ್ಟೇರಿಗೆ ಏಳೂವರೆ ಟನ್ ಮೀರಕೂಡದು ಎಂಬುದು ಇಲ್ಲಿಯ ನಿಯಮ. ಜುಲೈ, ಆಗಸ್ಟ್‌ನಲ್ಲಿ ಚೆನ್ನಾಗಿರುವ ಹಸಿರು ಗೊಂಚಲನ್ನೇ ಕತ್ತರಿಸಿ ಬುಡಕ್ಕೆ ಬೀಳಿಸುತ್ತಾರೆ, ಉಳಿದ ಹಣ್ಣಿಗೆ ರಸ ಗಟ್ಟಿಯಾಗಲಿ ಅಂತ. ಎಕರೆಗೆ ಹತ್ತು ಟನ್ ದಾಟದಿದ್ದರೆ ಊಟ ಸೇರದ ನೀವು ಇಲ್ಲಿದ್ದರೆ ಆ ಗೊಂಚಲುಗಳನ್ನು ಆರಿಸಿ ಚೀಲ ತುಂಬುತ್ತಿದ್ದಿರಿ.

ನೀರು? ಬೋರ್ ಇಲ್ಲ, ಕಾಲುವೆ ಇಲ್ಲ, ಬಹುಪಾಲು ತೋಟಗಳಲ್ಲಿ ಡ್ರಿಪ್ಪೂ ಇಲ್ಲ. ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ, ಅದನ್ನೇ ಹಿಡಿದಿಟ್ಟುಕೊಂಡ ನೆಲದಿಂದ ಬೇರು ಕುಡಿಯಬೇಕು. ಬಳ್ಳಿ ಸಾಯುವ ಹಾಗಾದರೆ ಮಾತ್ರ ನೀರು ಕೊಡಬಹುದು, ಇಳುವರಿಗಾಗಿ ಕೊಡುವಂತಿಲ್ಲ. ನೆಲವೆಲ್ಲ ಕಲ್ಲು. ಗಾಲೆಸ್ತ್ರೊ ಎಂಬ ಪದರು ಪದರಾಗಿ ಪುಡಿಯಾಗುವ ಕಲ್ಲೊಂದು, ಆಲ್ಬೆರೇಸೆ ಎಂಬ ಬಿಳಿ ಸುಣ್ಣಕಲ್ಲೊಂದು. ನಮ್ಮಲ್ಲಿ ಮಡ್ಡಿ ಅಂತ ಬಿಟ್ಟ ನೆಲವೇ ಇಲ್ಲಿ ಬೆಲೆ ಬಾಳುವ ನೆಲ. ಬರದಲ್ಲಿ ನೀವು ಟ್ಯಾಂಕರ್ ನೀರು ತರಿಸಿ ಬಳ್ಳಿಯ ಬುಡಕ್ಕೆ ಹಾಕಿಸಿದ್ದನ್ನು ಅವರಿಗೆ ಹೇಳಿದೆ. ಅವರು ಬಹಳ ಹೊತ್ತು ತಲೆ ಅಲ್ಲಾಡಿಸಿದರು. ಈಗ ಇಲ್ಲೂ ಬೇಸಿಗೆ ಬಿಸಿ ಏರುತ್ತಿದೆ, ಹಳೇ ಲೆಕ್ಕ ನಡೆಯುತ್ತಿಲ್ಲ ಅಂದರು. 2023ರಲ್ಲಿ ಅದರ ಉಲ್ಟಾ: ವಸಂತದ ಮಳೆ ಬಿಡದೆ ಸುರಿದು ಡೌನಿ ರೋಗ ಬಿದ್ದು ಇಟಲಿಯ ಎಷ್ಟೋ ಕಡೆ ಬೆಳೆ ಕೈಕೊಟ್ಟಿತು. ಎಲೆಗಳ ಮೇಲೆ ಬೋರ್ಡೋ ದ್ರಾವಣದ ನೀಲಿ ಕಲೆ ಕಂಡಾಗ ನನಗೆ ನಮ್ಮ ತೋಟದಲ್ಲೇ ನಿಂತ ಹಾಗಾಯಿತು.

ಚಾಟ್ನಿ ವರ್ಷಕ್ಕೆ ಒಂದೇ ಸಲ, ಚಳಿಗಾಲದಲ್ಲಿ. ಎಲೆ ಪೂರ್ತಿ ಉದುರಿ ಬಳ್ಳಿ ಮಲಗಿಬಿಡುತ್ತದೆ, ಆಗ ಕತ್ತರಿ. ನಮ್ಮಲ್ಲಿ ಏಪ್ರಿಲ್‌ನಲ್ಲಿ ಕಡ್ಡಿಗೆ ಒಮ್ಮೆ, ಅಕ್ಟೋಬರ್‌ನಲ್ಲಿ ಹಣ್ಣಿಗೆ ಒಮ್ಮೆ ಎಂದಾಗ, "ಹಾಗಾದರೆ ನಿಮ್ಮ ಬಳ್ಳಿ ಮಲಗುವುದು ಯಾವಾಗ?" ಅಂದರು. ಮಲಗುವುದಿಲ್ಲ ಅಂದೆ. "ನಿಮ್ಮ ಮಾವ?" ಅಂದರು. ಅದಕ್ಕೆ ಏನು ಹೇಳಬೇಕೋ ತೋಚಲಿಲ್ಲ.

ನಡುವೆ ಒಂದು ಕಥೆ, ಅತ್ತಿಗೆ ಓದಿ ಹೇಳಿ. ಹಿಂದೆ ಫ್ಲಾರೆನ್ಸ್‌ಗೂ ಸಿಯೆನಾಕ್ಕೂ ಈ ಸೀಮೆಗಾಗಿ ಮುಗಿಯದ ಜಗಳ. ಕೊನೆಗೆ ಒಪ್ಪಂದವಾಯಿತಂತೆ: ಕೋಳಿ ಕೂಗಿದ ತಕ್ಷಣ ಎರಡೂ ಊರಿನಿಂದ ಒಬ್ಬೊಬ್ಬ ಕುದುರೆ ಸವಾರ ಹೊರಡಬೇಕು, ಇಬ್ಬರೂ ಎದುರಾದಲ್ಲಿ ಗಡಿ. ಸಿಯೆನಾದವರು ಬಿಳಿ ಹುಂಜ ತಂದು ಹೊಟ್ಟೆ ತುಂಬಾ ತಿನ್ನಿಸಿದರು, ಅದು ಹಾಯಾಗಿ ಮಲಗಿತು. ಫ್ಲಾರೆನ್ಸ್‌ನವರು ಕಪ್ಪು ಹುಂಜವನ್ನು ಕತ್ತಲಲ್ಲಿಟ್ಟು ಉಪವಾಸ ಕೆಡವಿದರು. ಅದು ಹಸಿವಿಗೆ ಬೆಳಗಾಗುವ ಬಹಳ ಮುಂಚೆಯೇ ಕೂಗಿತು. ಅವರ ಸವಾರ ಸಿಯೆನಾದ ಹೊಸ್ತಿಲ ಹತ್ತಿರ ಬಂದುಬಿಟ್ಟ. ಕಥೆ ಕಥೆಯೇ. ಆದರೆ ಆ ಕಪ್ಪು ಹುಂಜ ಈಗಲೂ ಇಲ್ಲಿಯ ಬಾಟಲಿಯ ಕತ್ತಿನ ಮೇಲೆ ಕೂತಿದೆ, ಮತ್ತು ಗಡಿಯ ಜಗಳ ನಿಜವಾದದ್ದು. 1716ರಲ್ಲೇ ಮೆದಿಚಿ ವಂಶದ ಮೂರನೇ ಕೋಸಿಮೊ, ಕಿಯಾಂತಿ ಅಂದರೆ ಇಲ್ಲಿಂದ ಇಲ್ಲಿಯವರೆಗೆ ಅಂತ ಆಜ್ಞೆ ಹೊರಡಿಸಿದ್ದ. ಹೆಸರು ಬೆಳೆದಂತೆ ಹೊರಗಿನವರೂ ಅದೇ ಹೆಸರಿನಲ್ಲಿ ಮಾರತೊಡಗಿದರು. 1924ರಲ್ಲಿ ರಾದ್ದಾ ಎಂಬ ಊರಿನಲ್ಲಿ 33 ಮಂದಿ ಬೆಳೆಗಾರರು ಸೇರಿ ಸಂಘ ಕಟ್ಟಿ ಹುಂಜದ ಗುರುತು ಹಾಕಿಕೊಂಡರು. ನಿಮ್ಮ ಒಣದ್ರಾಕ್ಷಿ ತಾಸಗಾಂವದ ಲಿಲಾವಿಗೆ ಹೋಗಿ ಆಮೇಲೆ ಯಾರ ಹೆಸರಿನ ಡಬ್ಬಿಯಲ್ಲಿ ಕೂರುತ್ತದೆ ಅಂತ ನಿಮಗೆ ಗೊತ್ತಿದೆಯೇ? ಇದನ್ನು ಇಲ್ಲಿಗೆ ಬಿಡುತ್ತೇನೆ, ನಿಮ್ಮ ಮಗ ಇದನ್ನೇ ಹೇಳಿ ನಿಮ್ಮ ಕೈಲಿ ಬೈಸಿಕೊಂಡಿದ್ದಾನೆ.

ಮಧ್ಯಾಹ್ನ ಊಟಕ್ಕೆ ನಿಲ್ಲಿಸಿದ್ದು ಗುಡ್ಡದ ಮೇಲಿನ ಕಲ್ಲಿನ ಮನೆಯಲ್ಲಿ. ಹುರುಳಿಕಾಯಿಯ ಒಣ ಕಾಳು, ಸೊಪ್ಪು, ಹಳೇ ಬ್ರೆಡ್ ಹಾಕಿ ಮತ್ತೆ ಮತ್ತೆ ಕುದಿಸಿದ ಗಟ್ಟಿ ಸಾರು ಕೊಟ್ಟರು, ರಿಬೊಲ್ಲೀತಾ ಅಂತ. ಬಡವರ ಅಡುಗೆ, ಬಹಳ ರುಚಿ. ಇಲ್ಲಿಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ಅದರ ಮೇಲೆ ಆಲಿವ್ ಎಣ್ಣೆ ಸುರಿದುಕೊಂಡು ತಿನ್ನಬೇಕು. ಗೈಡ್ ಹೊರಗಿನ ಆಲಿವ್ ಮರಗಳನ್ನು ತೋರಿಸಿದ. ಒಂದೊಂದು ಬುಡದಿಂದ ಮೂರು ನಾಲ್ಕು ಕಾಂಡ. 1985ರ ಜನವರಿಯ ಚಳಿಗೆ ತಸ್ಕನಿಯ ಆಲಿವ್ ಮರಗಳು ದೊಡ್ಡ ಸಂಖ್ಯೆಯಲ್ಲಿ ಸತ್ತು, ನೆಲಮಟ್ಟಕ್ಕೆ ಕಡಿದ ಮೇಲೆ ಬುಡದಿಂದ ಚಿಗುರಿದವು ಇವು.

ಕುಡಿದಿಯಾ ಅಂತ ಕೇಳುತ್ತೀರಿ. ಕುಡಿದೆ, ಗಾಡಿಯ ಕೀಲಿ ವಾಪಸು ಕೊಟ್ಟ ಮೇಲೆ. ಇಲ್ಲಿ ಓಡಿಸುವವರ ರಕ್ತದಲ್ಲಿ ಲೀಟರಿಗೆ ಅರ್ಧ ಗ್ರಾಂ ಮದ್ಯಸಾರ ಮೀರಬಾರದು. ನಮ್ಮ ಕಾನೂನು ಇನ್ನೂ ಬಿಗಿ, 100 ಮಿ.ಲೀ.ಗೆ 30 ಮಿ.ಗ್ರಾಂ. ಗೈಡ್ ಅಂತೂ ಸ್ಕೂಟರ್ ಇರುವವರೆಗೆ ಬಾಟಲಿ ಕಣ್ಣಿಗೂ ಕಾಣದಂತೆ ನೋಡಿಕೊಂಡ. ರುಚಿ ಹೇಗಿತ್ತು ಅಂದರೆ, ನೇರಳೆ ಹಣ್ಣು ತಿಂದ ಮೇಲೆ ನಾಲಿಗೆ ಬಿಗಿಯುತ್ತದಲ್ಲ, ಹಾಗೆ. ಐವತ್ತು ವರ್ಷದಿಂದ ದ್ರಾಕ್ಷಿ ನಡುವೆ ಬದುಕಿ ಅದರ ರಸದ ಈ ರೂಪವನ್ನು ನಾಲಿಗೆಗೆ ಮುಟ್ಟಿಸದ ನಿಮಗೆ ಇದನ್ನು ಬರೆಯಲು ಸ್ವಲ್ಪ ಸಂಕೋಚ. ಮುಚ್ಚಿಡಲು ಅದಕ್ಕಿಂತ ಸಂಕೋಚ.

ಈಗ ಆ ಮನೆಯ ಮಾತು. ನಾವು ಕೂತು ಉಂಡದ್ದು ಕೆಳಗಿನ ಕೋಣೆಯಲ್ಲಿ. ಅದು ಹಿಂದೆ ದನದ ಕೊಟ್ಟಿಗೆಯಾಗಿತ್ತು, ಮೇಲೆ ಮನೆಮಂದಿ. ಆದರೆ ಆ ಮನೆ ಅವರದಲ್ಲ, ಹೊಲವೂ ಅವರದಲ್ಲ. ನೂರಾರು ವರ್ಷ ಇಲ್ಲಿ ಮೆಜ್ಜಾದ್ರಿಯಾ ಎಂಬ ಪದ್ಧತಿ ನಡೆದಿತ್ತು. ಧಣಿಯ ನೆಲ, ಧಣಿಯ ಮನೆ, ದುಡಿಮೆ ಒಕ್ಕಲಿನದು, ಬೆಳೆದದ್ದರಲ್ಲಿ ಅರ್ಧ ಧಣಿಗೆ. ಗೋಧಿ, ಎಣ್ಣೆ, ವೈನು ಎಲ್ಲದರಲ್ಲೂ ಅರ್ಧ. ಆಗ ಹೊಲವೂ ಈಗಿನಂತಿರಲಿಲ್ಲ. ಗೋಧಿಯ ನಡುವೆ ಮರ, ಮರಕ್ಕೆ ಹಬ್ಬಿಸಿದ ದ್ರಾಕ್ಷಿ, ಅಲ್ಲೇ ಆಲಿವ್, ಎಲ್ಲ ಕಲಸು. ಯುದ್ಧ ಮುಗಿದು ಫ್ಲಾರೆನ್ಸ್, ಪ್ರಾತೊ ಕಡೆಯ ಕಾರ್ಖಾನೆಗಳು ಕರೆದಾಗ ಹುಡುಗರು ನಿಲ್ಲಲಿಲ್ಲ. 1964ರಲ್ಲಿ, ಇನ್ನು ಹೊಸದಾಗಿ ಅರ್ಧಪಾಲಿನ ಕರಾರು ಮಾಡುವಂತಿಲ್ಲ ಎಂದು ಕಾನೂನು ಬರುವ ಹೊತ್ತಿಗೆ ಊರಿಗೆ ಊರೇ ಖಾಲಿಯಾಗತೊಡಗಿತ್ತು. ಆಮೇಲೆ ಟ್ರ್ಯಾಕ್ಟರ್ ಬಂತು. ಟ್ರ್ಯಾಕ್ಟರ್ ಹಾಯಲು ಅನುಕೂಲವಾಗಲಿ ಅಂತ ಮರ ತೆಗೆದು ನೇರ ಸಾಲಿನಲ್ಲಿ ಬರೀ ದ್ರಾಕ್ಷಿ ಹಚ್ಚಿದರು. ನಾವೆಲ್ಲ ಗಾಡಿ ನಿಲ್ಲಿಸಿ ನಿಲ್ಲಿಸಿ ಫೋಟೊ ತೆಗೆದ ಆ ಬಾಚಿದಂಥ ಸಾಲುಗಳು ಸಾವಿರ ವರ್ಷದ್ದಲ್ಲ ಮಾಮಾ, 1960, 70ರ ದಶಕದಿಂದ ಈಚಿನವು. ಖಾಲಿ ಬಿದ್ದ ಮನೆಗಳನ್ನು ಇಂಗ್ಲೆಂಡ್, ಜರ್ಮನಿ, ಮಿಲಾನಿನ ದುಡ್ಡಿದ್ದವರು ಕೊಂಡರು. ರಜೆಗೆ ಬರುವವರು ಬಂದದ್ದು ಒಕ್ಕಲು ಹೋದ ಮೇಲೆ.

ಊಟ ಮುಗಿದು ಎಲ್ಲರೂ ಬಿಸಿಲಿಗೆ ಮೈಯೊಡ್ಡಿ ಕೂತರು. ನನಗೆ ಕಣ್ಣ ಮುಂದೆ ಬಂದದ್ದು ಅಜ್ಜ. ಅವರೂ ಗೌಡರ ಹೊಲ ಪಾಲಿಗೆ ಮಾಡಿದವರು, ಕಣದಲ್ಲಿ ರಾಶಿಯ ಅರ್ಧ ಅಳೆದು ಕೊಟ್ಟವರು. ಎರಡು ಸೀಮೆಯ ಕಥೆ ಅಲ್ಲಿಯವರೆಗೆ ಒಂದೇ. 1974ರಲ್ಲಿ ನಮ್ಮಲ್ಲಿ ಉಳುವವನೇ ಒಡೆಯ ಎಂಬ ಕಾನೂನು ಬಂತು; ಅಜ್ಜ ಫಾರ್ಮ್ ನಂಬರ್ 7 ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಂತರು; ನೆಲ ಕೈಗೆ ಬಂತು. ಬಂದ ಕಾರಣಕ್ಕೇ ನೀವು ಅಲ್ಲಿ ನಿಂತಿದ್ದೀರಿ. ಇವರಿಗೆ ನೆಲ ಸಿಗಲಿಲ್ಲ, ಇವರು ಹೋದರು. ಪೊಂತೆದೇರಾದ ಸ್ಕೂಟರು ಹಳ್ಳಿಯ ಎಷ್ಟು ಹುಡುಗರನ್ನು ಕಾರ್ಖಾನೆಗೆ ಹೊತ್ತೊಯ್ದಿತೋ. ಅದೇ ಸ್ಕೂಟರಿನ ಮೇಲೆ ನಾವು ಅವರು ಬಿಟ್ಟುಹೋದ ಮನೆಗೆ ಊಟಕ್ಕೆ ಬಂದಿದ್ದೆವು.

ಇಷ್ಟಕ್ಕೇ ನಿಂತಿದ್ದರೆ ನಿಮ್ಮ ಪಕ್ಷ ಹಿಡಿದು, ಕೋಣೆ ಗೀಣೆ ಬೇಡ ಅಂತ ಬರೆದುಬಿಡುತ್ತಿದ್ದೆ. ಆದರೆ ಆಮೇಲೆ ಅಟ್ಟ ಹತ್ತಿಸಿದರು. ಅಲ್ಲಿ ದ್ರಾಕ್ಷಿ ಒಣಗಿಸುತ್ತಾರೆ!

ವಿನ್ ಸಾಂತೊ ಎಂಬ ಸಿಹಿ ವೈನಿಗಾಗಿ. ಮಾಲ್ವಾಸಿಯಾ, ತ್ರೆಬ್ಬಿಯಾನೊ ಎಂಬ ಬಿಳಿ ದ್ರಾಕ್ಷಿಯ ಒಳ್ಳೊಳ್ಳೆ ಗೊಂಚಲು ಆರಿಸಿ, ಅಟ್ಟದ ತೊಲೆಗಳಿಂದ ಇಳಿಬಿಡುತ್ತಾರೆ, ಇಲ್ಲವೇ ಜೊಂಡಿನ ತಟ್ಟಿಯ ಮೇಲೆ ಹರಡುತ್ತಾರೆ. ನಮ್ಮ ಹಾಗೆ ಪೊಟ್ಯಾಶಿಯಂ ಕಾರ್ಬೊನೇಟ್, ಡಿಪ್ಪಿಂಗ್ ಆಯಿಲ್‌ನಲ್ಲಿ ಅದ್ದುವುದಿಲ್ಲ. ಅದ್ದಿದ್ದರಿಂದ ನಮ್ಮದು ಎರಡು ವಾರದಲ್ಲಿ ಒಣಗುತ್ತದೆ. ಇವರದು ಕಿಟಕಿಯ ಗಾಳಿಗೆ ತಿಂಗಳುಗಟ್ಟಲೆ ಬಾಡುತ್ತಾ ಇರಬೇಕು. ಡಿಸೆಂಬರ್ ದಾಟಿದ ಮೇಲೆ ಹಿಂಡಿ, ಸಣ್ಣ ಪೀಪಾಯಿಗೆ ತುಂಬಿ, ಬಾಯಿ ಮುಚ್ಚಿ ಅದೇ ಅಟ್ಟದಲ್ಲಿ ವರ್ಷಗಟ್ಟಲೆ ಬಿಡುತ್ತಾರೆ. ಬೇಸಿಗೆಯ ಸೆಕೆ, ಚಳಿಗಾಲದ ಚಳಿ ಎರಡನ್ನೂ ಅದು ಉಣ್ಣಬೇಕು. ಈ ವರ್ಷದ ಮೊದಲ ಗೊಂಚಲುಗಳನ್ನು ಆಗ ತಾನೇ ಹರಡುತ್ತಿದ್ದರು. ನಾನು ಒಂದು ಗೊಂಚಲು ಕೈಗೆತ್ತಿಕೊಂಡು, ನೀವು ಮಾಡುವ ಹಾಗೆ ಬೆಳಕಿಗೆ ಹಿಡಿದು ತಿರುಗಿಸಿ, ಒಡೆದ ಕಾಯಿ ಕಿತ್ತು ಹಾಕಿ, ತಟ್ಟಿಯ ಮೇಲೆ ಇಟ್ಟೆ. ಕೆಲಸದಾಕೆ ನನ್ನ ಮುಖ ನೋಡಿ ಸರಿದು ಜಾಗ ಕೊಟ್ಟಳು. ಶೆಡ್ಡಿನ ರ‍್ಯಾಕ್ ತುಂಬಿಸಲು ಶಾಲೆ ತಪ್ಪಿಸಿ ಬರುತ್ತಿದ್ದೆನಲ್ಲ, ಆ ಕೈಚಳಕ ಎಲ್ಲೂ ಹೋಗಿಲ್ಲ. ನಮ್ಮ ಗುಂಪಿನ ಬೇರೆಯವರೂ ಬಂದು ಕೈ ಹಾಕಿದರು. ಇಡೀ ದಿನದಲ್ಲಿ ಅವರು ಫೋನ್ ಜೇಬಿಗಿಟ್ಟದ್ದು ಆಗೊಮ್ಮೆ ಮಾತ್ರ.

ಆಗ ನಿಮ್ಮ ಕೊನೆಯ ಪ್ರಶ್ನೆ ಕೇಳಿದೆ: ನೋಡಲು ಬರುವವರಿಂದ ನಿಮಗೆ ಏನು ಸಿಗುತ್ತದೆ? ಆಲಿಕಲ್ಲು ಬಿದ್ದ ವರ್ಷ ಸಾಲ ತೀರಿಸಲು ಸಿಗುತ್ತದೆ ಅಂದರು ತೋಟದವರು. ವ್ಯಾಪಾರಿ ಕೇಳಿದ ರೇಟಿಗೆ ಕೊಡದೆ, ಬಂದವರ ಕೈಗೇ ನೇರ ಮಾರಲು ಸಿಗುತ್ತದೆ. ಮಗಳು ಊರಲ್ಲೇ ಉಳಿಯಲು ಒಂದು ಕಾರಣ ಸಿಗುತ್ತದೆ. ಆಮೇಲೆ ಒಂದು ಕಾನೂನಿನ ಮಾತು ಹೇಳಿದರು, ನಿಮಗೆ ಬೇಕಾದದ್ದು ಅದೇ ಅನ್ನಿಸಿತು. ಆಲಿವ್ ಮರ ಸತ್ತ ಅದೇ 1985ರಲ್ಲಿ ಇಟಲಿ ಸರ್ಕಾರ ಕೃಷಿ ಪ್ರವಾಸಕ್ಕೆ ಕಾನೂನು ಮಾಡಿತು. ಹೊಲದ ಮನೆಯಲ್ಲಿ ಅತಿಥಿಗಳನ್ನು ಇಟ್ಟುಕೊಳ್ಳಬಹುದು, ಉಣ್ಣಿಸಬಹುದು. ಆದರೆ ಇಟ್ಟುಕೊಳ್ಳುವವನು ರೈತನಾಗಿರಬೇಕು, ಬೇಸಾಯವೇ ಮುಖ್ಯ ಕೆಲಸವಾಗಿ ಉಳಿಯಬೇಕು, ಅತಿಥಿ ಸತ್ಕಾರ ಅದಕ್ಕೆ ಪೂರಕವಾಗಿರಬೇಕು. ಬೇಸಾಯ ಬಿಟ್ಟು ಬರೀ ಕೋಣೆ ಬಾಡಿಗೆಗೆ ಕೊಟ್ಟರೆ ಅದು ಹೋಟೆಲು, ಕೃಷಿ ಪ್ರವಾಸ ಎಂಬ ಹೆಸರು ಹಾಕಿಕೊಳ್ಳುವಂತಿಲ್ಲ.

ಮಾಮಾ, ನಿಮ್ಮಿಬ್ಬರ ಜಗಳದಲ್ಲಿ ಇಬ್ಬರೂ ಅರ್ಧರ್ಧ ಹೇಳುತ್ತಿದ್ದೀರಿ. ಮಂದಿ ಬಂದರೆ ಹೊಲ ಜಾತ್ರೆಯಾಗುತ್ತದೆ ಎಂಬ ನಿಮ್ಮ ಭಯ ಸುಳ್ಳಲ್ಲ. ಖಾಲಿಯಾಗಿ ಚೆಂದವಾದ ಎಷ್ಟೋ ಮನೆಗಳನ್ನು ನಾನು ದಾರಿಯುದ್ದಕ್ಕೂ ನೋಡಿದೆ. ಬರೀ ಟನ್ ಲೆಕ್ಕದಲ್ಲಿ, ಅಕಾಲ ಮಳೆಯ ಬಾಯಿಗೆ ಒಡ್ಡಿಕೊಂಡು ಇನ್ನು ಬದುಕುವುದು ಆಗದು ಎಂಬ ಅವನ ಮಾತೂ ಸುಳ್ಳಲ್ಲ. ಫೆಬ್ರುವರಿ, ಮಾರ್ಚ್‌ನಲ್ಲಿ ಮೋಡ ಕವಿದರೆ ಶೆಡ್ಡಿನ ಮುಂದೆ ನೀವು ರಾತ್ರಿಯಿಡೀ ನಿಂತಿರುವುದನ್ನು ನೋಡಿಕೊಂಡೇ ಅವನು ಬೆಳೆದಿದ್ದಾನೆ. ಅವನು ಊರು ಬಿಟ್ಟು ಹೋಗಲು ದಾರಿ ಹುಡುಕುತ್ತಿಲ್ಲ, ಉಳಿಯಲು ಹುಡುಕುತ್ತಿದ್ದಾನೆ. ಇಲ್ಲಿಯ ಹುಡುಗರಿಗೆ ಆ ಅವಕಾಶವೇ ಸಿಗಲಿಲ್ಲ.

ಕೋಣೆ ಕಟ್ಟಲಿ. ಆದರೆ ಕರಾರು ನಿಮ್ಮದಿರಲಿ. ಒಂದು ಸಾಲು ಬಳ್ಳಿಯನ್ನೂ ಕೀಳಬಾರದು; ಶೆಡ್ಡಿನ ಪಕ್ಕದ ಬಂಜರು ಜಾಗದಲ್ಲೇ ಕಟ್ಟಬೇಕು. ಔಷಧ ಹೊಡೆಯುವ ದಿನ ಯಾರಿಗೂ ಪ್ರವೇಶವಿಲ್ಲ. ಚಾಟ್ನಿ, ಒಣಗಿಸುವ ಕಾಲದಲ್ಲಿ ಬಂದವರು ಕೆಲಸ ನೋಡಲಿ, ಬೇಕಾದರೆ ಕೈ ಹಾಕಲಿ. ಅವರ ಮನರಂಜನೆಗೆ ಅಂತ ಕೆಲಸ ನಿಲ್ಲಬಾರದು. ನೀರಿನ ಮೊದಲ ಹಕ್ಕು ಬಳ್ಳಿಗೆ, ಆಮೇಲೆ ಅತಿಥಿಗಳ ಸ್ನಾನಕ್ಕೆ. ಬೆಳಿಗ್ಗೆ ಐದಕ್ಕೆ ತೋಟಕ್ಕೆ ಹೋಗುವವನು ಅವನೇ ಆಗಿರಬೇಕು, ಕೂಲಿಯವನಲ್ಲ. ಅವನ ಕರಾರು ನಿಮಗೆ ಒಂದೇ: ಹೆಸರು ಹಾಕಿದ ಡಬ್ಬಿಯಲ್ಲಿ ಒಂದಿಷ್ಟು ಒಣದ್ರಾಕ್ಷಿ ಮಾರಲು ಬಿಡಿ. ಎಲ್ಲವನ್ನೂ ಅಲ್ಲ, ಮೊದಲ ವರ್ಷ ನಾಲ್ಕು ರ‍್ಯಾಕ್ ಮಾಲು. ಹೋದರೆ ಅಷ್ಟೇ ಹೋಗುತ್ತದೆ. ತಾಸಗಾಂವ ಎಲ್ಲಿಗೂ ಓಡಿಹೋಗುವುದಿಲ್ಲ.

ಈ ಪತ್ರವನ್ನು ಅವನಿಗೂ ಓದಲು ಕೊಡಿ. ಎದುರಿಗೆ ಕೂತು ಓದಿಸಬೇಡಿ, ಮೇಜಿನ ಮೇಲಿಟ್ಟು ಹೊಲಕ್ಕೆ ಹೋಗಿ. ಅತ್ತಿಗೆ ಹುಂಜದ ಕಥೆ, ಆಲಿವ್ ಮರದ ಕಥೆ ಓದಿ ಹೇಳಿ; ವೈನಿನ ಭಾಗ ಬಿಟ್ಟರೂ ನಡೆಯುತ್ತದೆ, ಅಥವಾ ಓದಿ, ನಾನೇ ಬೈಸಿಕೊಳ್ಳುತ್ತೇನೆ. ಅವ್ವನಿಗೆ ಮಾತ್ರ ನಾನೇ ಹೇಳುತ್ತೇನೆ.

ಅಕ್ಟೋಬರ್ ಚಾಟ್ನಿಗೆ ಯಾವ ದಿನ ಹಿಡಿಯುತ್ತೀರಿ ತಿಳಿಸಿ, ಟಿಕೆಟ್ ಮಾಡಿಸಬೇಕು. ಈ ಸಲ ಹಿಂದಿನ ಸೀಟಿನವರಿಗೂ ಕೈಗೆ ಒಂದು ಕತ್ತರಿ ಕೊಡಿ, ಕಣ್ಣು ಎಣಿಸಿ ಕಡ್ಡಿ ಕತ್ತರಿಸುವುದನ್ನು ಅವರಿಗೆ ಕಲಿಸುವ ಜವಾಬ್ದಾರಿ ನಿಮ್ಮ ಮಗನದು.

ನಿಮ್ಮ ಪ್ರೀತಿಯ ಸೊಸಿ